ಅರವಟಿಗೆಯ ಚೊಂಬು

ಎಲಚಿಕಟ್ಟೆ,
ಬೌರಿಂಗಪೇಟೆ ತಾಲ್ಲೂಕು.
ಧಾತು ಸಂವತ್ಸರ, ಫಾಲ್ಗುಣ ಶುದ್ಧ ದಶಮಿ, ಸೋಮವಾರ
(ಇಂಗ್ಲಿಷ್ ತಾರೀಖು 22-3-1937 ಅಂತೆ, ನಿನ್ನ ಅಣ್ಣ ಹೇಳಿದ.)

ಮಗಳು ಗಂಗರತ್ನಳಿಗೆ ನಿನ್ನ ತಾಯಿ ಅಕ್ಕಯ್ಯಮ್ಮ ಮಾಡುವ ಆಶೀರ್ವಾದ. ಕೋಪದಲ್ಲಿದ್ದರೂ ತೆಗೆದುಕೋ. ಕಾಗದ ಬೇಡವೆಂದರೆ ಅಂಚೆಯವನು ವಾಪಸು ತರಬಹುದು, ಆಶೀರ್ವಾದ ವಾಪಸು ತರುವುದು ಅವನಿಂದಲೂ ಆಗುವುದಿಲ್ಲ.

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಮೊದಲು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ. ನೀವು ಕ್ಷೇಮವಾಗಿಲ್ಲ ಎಂದು ಗೊತ್ತಾದ ಮೇಲೆಯೇ ಈ ಕಾಗದ ಹಿಡಿದು ಕುಳಿತಿದ್ದೇನೆ. ಅಕ್ಷರ ಬಿಡಿಸಲಾಗದಿದ್ದರೆ ಜೋರಾಗಿ ಓದಿಕೋ, ನನ್ನ ದನಿ ನೆನಪಾಗಿ ತಾನಾಗಿಯೇ ತಿಳಿಯುತ್ತದೆ. ಕೂಲಿಮಠದ ಅಯ್ಯನವರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ಅಕ್ಷರ ಇವು. ಒತ್ತು ಕಲಿಯುವ ಹೊತ್ತಿಗೆ ನನ್ನ ಮದುವೆ ಮಾಡಿದರು. ಆದ್ದರಿಂದ ಒತ್ತು ಎಲ್ಲಿ ತಪ್ಪಿದರೂ ಅದು ನಿಮ್ಮ ತಾತನ ತಪ್ಪು.

ಸಂಗತಿ ಏನೆಂದರೆ, ನಿನ್ನ ಅಣ್ಣ ಆಂಜನಪ್ಪ ಮೊನ್ನೆ ಹುಣಸೆಹಣ್ಣು ಕೊಡುವುದಕ್ಕೆ ನಿಮ್ಮ ಗಣಿಯೂರು ಚಾಂಪಿಯನ್ ರೀಫ್ಸಿಗೆ ಬಂದಿದ್ದನಲ್ಲ, ಅವನು ವಾಪಸು ಬಂದು ಉಂಡು ಕೈ ತೊಳೆಯುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ. ನಿನ್ನ ಅತ್ತೆ, ನಮ್ಮ ಬೀಗಿತ್ತಿ ಸುಬ್ಬಲಕ್ಷ್ಮಮ್ಮ, ಕಾರ್ತಿಕದಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದು ನನಗೆ ಗೊತ್ತಿತ್ತು. ಮೂಳೆ ಕೂಡಿಕೊಂಡಿದೆ, ಮೆಲ್ಲಗೆ ನಡೆದಾಡಲಿ ಎಂದು ಆಸ್ಪತ್ರೆಯ ಡಾಕ್ಟರೇ ಹೇಳಿ ಕಳಿಸಿದರಂತೆ. ಆದರೂ ನೀನು ಆಕೆಯನ್ನು ಕಿಟಕಿ ಪಕ್ಕ ಮಂಚದ ಮೇಲೆ ಮಲಗಿಸಿ, ಅಲ್ಲಿಗೇ ಊಟ, ಅಲ್ಲಿಗೇ ನೀರು ತಂದುಕೊಡುತ್ತಿದ್ದೀಯಂತೆ. ಆಕೆಯ ಎಮ್ಮೆಯನ್ನು ಮಾರಿದೆಯಂತೆ. ಆಕೆ ದಿನಾ ಬೆಳಗಾಗುವ ಹೊತ್ತಿಗೆ ಕಣ್ಣು ಬಿಟ್ಟು, “ಎಮ್ಮೆ ಕರೆದ್ರೇನಮ್ಮ?” ಎಂದು ಕೇಳುತ್ತಾಳಂತೆ. ನೀನು, “ಎಮ್ಮೆ ಇಲ್ಲ ಅತ್ತೆ, ಮಾರಾಗೈತೆ, ಮಲಕ್ಕೊಳ್ಳಿ” ಎನ್ನುತ್ತೀಯಂತೆ. ಅರಳು ಮರಳು ಹಿಡಿದಿದೆ ಎಂದು ನೀನೇ ಆಂಜನಪ್ಪನಿಗೆ ಹೇಳಿ ಕಣ್ಣೊರೆಸಿಕೊಂಡೆಯಂತೆ.

ಇಷ್ಟೇ ಆಗಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಮಾತು ನಿಂತು ವರ್ಷವಾಗುತ್ತ ಬಂತು, ಇನ್ನೂ ಸ್ವಲ್ಪ ದಿನ ನಿಂತಿರಲಿ ಎನ್ನುತ್ತಿದ್ದೆ. ಆದರೆ ಹೋದ ವಾರ ಆಕೆ ಗೋಡೆ ಹಿಡಿದುಕೊಂಡು ಪಕ್ಕದ ಸಾಲುಮನೆ ಲೈನಿನವರ ಎಮ್ಮೆ ಹತ್ತಿರ ಹೋಗಿ ನಿಂತಿದ್ದಳಂತೆ. ನೀನು ಓಡಿಹೋಗಿ ಎತ್ತಿಕೊಂಡು ಬಂದು, “ಇನ್ನೊಂದು ಸಲ ನೆಲಕ್ಕೆ ಕಾಲಿಟ್ರೆ ಆದಿನಾರಾಯಣನ ಮೇಲೆ ಆಣೆ” ಎಂದೆಯಂತೆ. ಹೆತ್ತ ಮಗನ ಮೇಲೆ ಆಣೆ. ಆ ಮುದುಕಿಗೆ ಇರುವ ಒಬ್ಬನೇ ಮೊಮ್ಮಗನ ಮೇಲೆ ಆಣೆ. ಅಂದಿನಿಂದ ಆಯಮ್ಮ ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡಿದ್ದಾಳೆ, ಎಮ್ಮೆಯನ್ನೂ ಕೇಳುತ್ತಿಲ್ಲ ಎಂದು ಆಂಜನಪ್ಪ ಹೇಳಿದ. ಕೇಳುತ್ತಿಲ್ಲ ಎನ್ನುವ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನೀನು ಅದನ್ನು ಪ್ರೀತಿಯಿಂದಲೇ ಮಾಡಿದ್ದೀಯ. ಪ್ರೀತಿ ಇಲ್ಲದೆ ಮಾಡಿದ್ದರೆ ಕಾಗದ ಬರೆಯುವ ಗೋಜಿಗೆ ಹೋಗದೆ ಪೇಟೆಯಲ್ಲಿ ರೈಲು ಹತ್ತಿ ಬಂದು ನಿನ್ನ ಲೈನಿನವರೆಲ್ಲ ಕೇಳುವ ಹಾಗೆ ಬೈದು ಹೋಗುತ್ತಿದ್ದೆ. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯುವುದು ಕಷ್ಟ ನೋಡು. ಅದಕ್ಕೆ ನಿಧಾನವಾಗಿ ಹೇಳಬೇಕು. ನಿಮ್ಮಪ್ಪನ ವಿಷಯದಿಂದ ಶುರು ಮಾಡುತ್ತೇನೆ. ಕಾಗದ ಮಡಿಸಿಡಬೇಡ, ಓದು.

ನಿಮ್ಮಪ್ಪನಿಗೆ ಆ ಜ್ವರ ಬಂದು ಹೋದ ಮೇಲೆ ಎರಡು ವರ್ಷ ಹೇಗಿದ್ದರು ನೆನಪಿದೆಯಾ? ಯಾರೂ ಅವರನ್ನು ಕೆಟ್ಟದಾಗಿ ನೋಡಲಿಲ್ಲ. ಆಂಜನಪ್ಪ ಅವರ ಕೈಯಿಂದ ಬಾರುಕೋಲು ಇಸಿದುಕೊಂಡು, “ಅಪ್ಪಯ್ಯ, ಕಪಿಲೆ ನಾನು ಒಡೀತೀನಿ, ನೀನು ಉಂಡ್ಕೊಂಡು ಕುಂತ್ಕೊ” ಎಂದ. ಸೊಸೆ ಅಶ್ವತ್ಥಮ್ಮ, ಅವರು ಏಳುವುದಕ್ಕೆ ಮೊದಲೇ ಮುಖ ತೊಳೆಯುವ ನೀರು ಜಗಲಿಗೇ ತಂದಿಟ್ಟಳು. ನೀನು ಗಣಿಯ ಅಂಗಡಿಯಿಂದ ಉಣ್ಣೆಯ ಕಂಬಳಿ ತಂದೆ, ಬನ್ನು ತಂದೆ. ನಾನು ಮುದ್ದೆಯನ್ನು ಸಾರಿನಲ್ಲಿ ಕಿವುಚಿ ತುತ್ತು ಮಾಡಿ ಬಾಯಿಗಿಟ್ಟೆ. ನಲವತ್ತು ವರ್ಷ ಬಾವಿಯಿಂದ ಇಳಿಜಾರಿನಲ್ಲಿ ಎತ್ತು ಹೊಡೆದು ಇಡೀ ತೋಟಕ್ಕೆ ನೀರುಣಿಸಿದ ಮನುಷ್ಯನಿಗೆ ನಾವೆಲ್ಲ ಸೇರಿ ಒಂದು ಲೋಟ ನೀರನ್ನು ತಾನಾಗಿ ಕುಡಿಯುವುದನ್ನು ಮರೆಸಿದೆವು. ಅದಕ್ಕೆ ನಾವಿಟ್ಟ ಹೆಸರು ಸೇವೆ. ಊರಿನವರೂ ಹೊಗಳಿದರು. ಮುನಿಸ್ವಾಮಪ್ಪ ಪುಣ್ಯವಂತ, ಮಕ್ಕಳು ನೆಲ ಮುಟ್ಟಲು ಬಿಡುವುದಿಲ್ಲ ಎಂದರು. (ಊರಿನವರು ಹೆಸರು ಹಿಡಿದು ಹೇಳಿದ್ದನ್ನು ಹಾಗೇ ಬರೆದೆ. ನಾನು ಬಾಯಲ್ಲಿ ಹೇಳಲಿಲ್ಲ, ಗಲ್ಲ ಬಡಿದುಕೊಂಡಿದ್ದೇನೆ.)

ಮೊದಲು ಮಾತು ಕಡಿಮೆಯಾಯಿತು. ಆಮೇಲೆ ಹಗಲೋ ರಾತ್ರಿಯೋ ಎಂದು ಕೇಳತೊಡಗಿದರು. ಹಾಸಿಗೆ ಒದ್ದೆಯಾಗತೊಡಗಿತು. ಆ ಸಂಕ್ರಾಂತಿಗೆ ನೀನು ಎಳ್ಳು ಬೆಲ್ಲ ಕೊಡಲು ಹತ್ತಿರ ಹೋದಾಗ, “ಯಾರಮ್ಮ ನೀನು, ಯಾವೂರು?” ಎಂದು ಕೇಳಿದರು. ನೀನು ಹುಲ್ಲಿನ ಬಣವೆ ಹಿಂದೆ ನಿಂತು ಅತ್ತೆ. ವಯಸ್ಸು, ಏನು ಮಾಡೋದು ಎಂದರು ಎಲ್ಲರೂ. ನನಗಿಂತ ನಿಮ್ಮಪ್ಪ ಐದಾರು ವರ್ಷಕ್ಕೆ ದೊಡ್ಡವರು, ಅಷ್ಟೆ. ನನ್ನ ವಯಸ್ಸು ನನ್ನನ್ನು ಹಾಗೆ ಮಾಡಿರಲಿಲ್ಲವಲ್ಲ ಎಂದು ಒಳಗೇ ಅನ್ನಿಸುತ್ತಿತ್ತು. ನನಗೆ ಯಾರೂ ಕುಂತ್ಕೊ ಎಂದಿರಲಿಲ್ಲ. ಹೆಂಗಸಿಗೆ ಯಾರು ಹೇಳುತ್ತಾರೆ? ಹಿಟ್ಟು ಕಲೆಸುವ ಕೈಯನ್ನು ಯಾರೂ ಇಸಿದುಕೊಳ್ಳುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಆಂಜನಪ್ಪ ಹೊಲದಲ್ಲಿದ್ದ, ನಾನು ಹಿತ್ತಲಿನಲ್ಲಿದ್ದೆ. ಪೇಟೆಯಲ್ಲಿ ರೈಲಿಳಿದು, ಗಣಿಯವರೆಗಿನ ಟಿಕೀಟಿಗೆ ಕಾಸಿಲ್ಲದೆ ನಡೆದು ಹೋಗುವವರು ನಮ್ಮ ಮನೆ ಮುಂದೆಯೇ ಹೋಗಬೇಕಲ್ಲ. ಯಾರೋ ತಮಿಳು ಹೆಂಗಸು, ಸೊಂಟದಲ್ಲಿ ಕೂಸು, ಜಗಲಿ ಮುಂದೆ ನಿಂತು, “ಅಯ್ಯಾ, ಕೊಂಜಂ ತಣ್ಣಿ” ಎಂದಳು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ನಿಮ್ಮಪ್ಪ ಜಗಲಿಯ ಮೇಲೆ ಇರಲಿಲ್ಲ. ನೋಡಿದರೆ ಒಳಗೆ, ನೀರಿನ ಹಂಡೆ ಹತ್ತಿರ, ಗೋಡೆಗೆ ಭುಜ ಕೊಟ್ಟು ನಿಂತು ಚೊಂಬು ತುಂಬುತ್ತಿದ್ದಾರೆ. ಕೈ ನಡುಗಿ ಅರ್ಧ ನೆಲಕ್ಕೆ ಹೋಯಿತು. ಮಿಕ್ಕ ಅರ್ಧವನ್ನು ಹೊಸಿಲು ದಾಟಿಸಿ ತಂದು ಆಕೆಯ ಬೊಗಸೆಗೆ ಸುರಿದರು. ಆಕೆ ಕೂಸಿಗೆ ಕುಡಿಸಿ, ತಾನು ಕುಡಿದು, ಕೈ ಮುಗಿದು ಹೋದಳು. ಇವರು ಖಾಲಿ ಚೊಂಬು ಹಿಡಿದುಕೊಂಡು ದಾರಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಇನ್ನೂ ಯಾರಾನ ಬತ್ತಾರೇನೇ?” ಎಂದರು.

ಹಗಲೋ ರಾತ್ರಿಯೋ ಎನ್ನುವುದು ಬಿಟ್ಟರೆ, ಎರಡು ವರ್ಷದಲ್ಲಿ ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಅರವಟಿಗೆ ಇಡೋಣ ಎಂದು ನನಗೆ ಹೊಳೆದದ್ದು ಆಗ. ಬೇಸಿಗೆಯಲ್ಲಿ ದಾರಿ ಪಕ್ಕ ಚಪ್ಪರ ಹಾಕಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಸಾಹುಕಾರರು ಪುಣ್ಯಕ್ಕೆ ಇಡುತ್ತಾರೆ, ಕೂಲಿಯವನೊಬ್ಬನನ್ನು ಕೂರಿಸುತ್ತಾರೆ. ನಮ್ಮ ಅರವಟಿಗೆಯಲ್ಲಿ ಊರಲ್ಲಿ ಜಗಲಿಗೆ ಸೇರಿದವರೇ ಕೂರಲಿ ಎಂದೆ. ಮನೆಮನೆಗೆ ಹೋಗಿ ಕರೆದೆ. ಬಂದವರು ಇಬ್ಬರು. ಒಬ್ಬಳು ತೆಲುಗು ಮಾತಿನ ಪೆದ್ದಮ್ಮ. ಅವಳ ಹಲ್ಲೆಲ್ಲ ಉದುರಿದ್ದರೂ ನಾಲಿಗೆ ಉದುರಿಲ್ಲ, ನಿನಗೆ ಗೊತ್ತು. ಇನ್ನೊಬ್ಬ ಆರುಮುಗಂ. ನಂದಿದುರ್ಗದ ಗಣಿಯಲ್ಲಿ ಆಯುಷ್ಯ ಕಳೆದು, ವಯಸ್ಸಾಗಿ ಉಸಿರು ಸಾಲದೆ ರೈಲ್ವೆ ಗೇಟಿನ ಹತ್ತಿರ ಮಗಳ ಮನೆಯಲ್ಲಿ ಇದ್ದಾನಲ್ಲ, ಅವನು. ಬಿಂದಿಗೆ ಎತ್ತಲಾರ. ಆದರೆ ದಾರಿಯಲ್ಲಿ ದೂರಕ್ಕೆ ತಲೆ ಕಂಡ ಕೂಡಲೇ ಕೈ ಎತ್ತಿ ತೋರಿಸುತ್ತಿದ್ದ. ಬಂದವರು ಚಪ್ಪರ ಮುಟ್ಟುವುದಕ್ಕೆ ಮೊದಲೇ ಚೊಂಬು ತುಂಬಿರಬೇಕು, ಬಾಯಾರಿದವರು ಬಾಯಿ ಬಿಟ್ಟು ಕೇಳುವ ಹಾಗಾಗಬಾರದು, ಅದು ಅವನು ಮಾಡಿದ ಕಟ್ಟಳೆ.

ಹೊಂಗೆ ಮರದ ಕೆಳಗೆ ಚಪ್ಪರ ಹಾಕಿ ಮರಳು ಹರಡಿ ಗುಡಾಣ ಇಟ್ಟೆವು. ಮೊದಲ ದಿನ ಪಟೇಲರು ಆ ಕಡೆ ಹೋಗುತ್ತ, “ಏನಮ್ಮ ಅಕ್ಕಯ್ಯಮ್ಮ, ಮುದುಕರ ಸಂತೆ ಕಟ್ಟಿದ್ದೀಯ” ಎಂದು ನಕ್ಕರು. “ನೀವೂ ಬನ್ನಿ ಪಟೇಲರೇ, ನಿಮ್ಮ ವಯಸ್ಸಿನೋರ್ಗೂ ಜಾಗ ಐತೆ” ಎಂದೆ. ಆಮೇಲೆ ಅವರು ಆ ದಾರಿಯಲ್ಲಿ ನಗಲಿಲ್ಲ. ಯಾರ ಕೈ ನೀರು ಯಾರು ಕುಡಿಯುವುದು ಎಂದು ರಾಗ ತೆಗೆದವರೂ ಇದ್ದರು. ಬಿಸಿಲಲ್ಲಿ ನಡೆದು ಬಂದವನು ಮೊದಲು ಕುಡಿಯುತ್ತಿದ್ದ, ಆಮೇಲೆ ಕೇಳುತ್ತಿದ್ದ. ಹಾಗೆ ಕೇಳಿದವನಿಗೆ ಪೆದ್ದಮ್ಮ, “ತಾಗೇಸಿನಾವು ಗದಾ, ಇಂಕ ಪೋ” ಎನ್ನುತ್ತಿದ್ದಳು. ಕುಡಿದಾಯಿತಲ್ಲ, ಇನ್ನು ಹೊರಡು ಎಂದು.

ನಿಮ್ಮಪ್ಪ ಮೊದಮೊದಲು ಕೂತೇ ಸುರಿಯುತ್ತಿದ್ದರು. ಆಮೇಲೆ ನಿಂತರು. ಯುಗಾದಿ ಹೊತ್ತಿಗೆ ಬಾವಿಯಿಂದ ಅರ್ಧ ಬಿಂದಿಗೆ ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಬೇಡ ಎನ್ನಲು ಹೋದ ಆಂಜನಪ್ಪನನ್ನು, “ಸರಿ ಓಗ್ಲಾ ಅತ್ತಾಗೆ” ಎಂದು ಗದರಿಕೊಂಡರು. ಗದರಿಸಿಕೊಂಡವನು ನನ್ನ ಹತ್ತಿರ ಬಂದು, “ಅಮ್ಮಾ, ಅಪ್ಪಯ್ಯ ನನ್ನ ಬೈದ” ಎಂದು ಚಿಕ್ಕ ಹುಡುಗನ ಹಾಗೆ ನಕ್ಕ. ಒಂದು ಬೆಳಿಗ್ಗೆ ರುಮಾಲು ಕೇಳಿದರು. ನಾನು ಸುತ್ತಲು ಹೋದರೆ ಕೈ ತಳ್ಳಿ ತಾವೇ ಸುತ್ತಿಕೊಂಡರು, ಸೊಟ್ಟಗೆ. ಪೆದ್ದಮ್ಮ ನೋಡಿದ್ದೇ ತಡ, “ಏಂ ಬಾವಾ, ಪೆಳ್ಳಿಕಾ?” ಎಂದಳು, ಏನು ಭಾವ, ಮದುವೆಗಾ ಎಂದು. “ಊ, ಎಣ್ಣು ನೀನೇಯ” ಎಂದರು ಇವರು. ಆರುಮುಗಂ ನಕ್ಕು ನಕ್ಕು ಉಸಿರು ಕಟ್ಟಿ, ಅವನ ಬೆನ್ನು ನೀವುವುದೇ ನಮಗೆ ಒಂದು ಕೆಲಸವಾಯಿತು.

ಹಾಸಿಗೆ ಒದ್ದೆಯಾಗುವುದು ನಿಂತಿತು. ತಾವೇ ಮುದ್ದೆ ಮುರಿದು ಉಂಡರು. ಬಿಂದಿಗೆ ಹೊತ್ತು ಬರುವಾಗ, ಕಪಿಲೆ ಹೊಡೆಯುತ್ತ ಎತ್ತುಗಳಿಗೆ ಹೇಳುತ್ತಿದ್ದ ಪದವನ್ನು ಸಣ್ಣಗೆ ಹೇಳಿಕೊಳ್ಳುತ್ತಿದ್ದರು. ಒಂದು ಸಂಜೆ ಗುಡಾಣ ಬೋರಲು ಹಾಕಿ, ಅದರ ಮೇಲೆ ಚೊಂಬನ್ನು ಬೋರಲು ಇಟ್ಟು ಮನೆಗೆ ಬರುತ್ತ, ನಾನೇನೂ ಕೇಳದೆಯೇ, “ಗಂಗರತ್ನ ಯಾವಾಗ ಬತ್ತಾಳೆ? ಬಂದ್ರೆ ಇಲ್ಲೀಗೇ ಬರ್ಲಿ, ಮಜ್ಜಿಗೆ ಕೊಡಾನ” ಎಂದರು. ಸಂಕ್ರಾಂತಿಯಲ್ಲಿ ನಿನ್ನ ಊರು ಕೇಳಿದ್ದ ಮನುಷ್ಯ. ಈ ಮಾತನ್ನು ನಾನು ನಿನಗೆ ಆಗಲೇ ಬರೆಯಬೇಕಿತ್ತು. ಬಂದಾಗ ಕಣ್ಣಾರೆ ನೋಡಲಿ ಎಂದುಕೊಂಡೆ.

ನೀನು ಬಂದೆ. ವೈಶಾಖದ ಬಿಸಿಲಿನಲ್ಲಿ, ನಿನ್ನ ಗಂಡ ಜಯರಾಮಪ್ಪನ ಕಡೆಯವರ ಮದುವೆ ಮುಗಿಸಿಕೊಂಡು, ಅವರ ಇಬ್ಬರು ನಂಟರನ್ನು ಜೊತೆಗೆ ಕರೆದುಕೊಂಡು ಬಂದೆ. ಒಬ್ಬಳೇ ಬಂದಿದ್ದರೆ ಬೇರೆ ಥರ ಆಗುತ್ತಿತ್ತೋ ಏನೋ. ನಿಮ್ಮಪ್ಪ ಹೆಗಲ ಮೇಲೆ ಬಿಂದಿಗೆ, ಒದ್ದೆ ರುಮಾಲು, ಮೊಣಕಾಲವರೆಗೆ ಪಂಚೆ. ಆ ನಂಟರ ಪೈಕಿ ಒಬ್ಬ, “ಇವ್ರೇನಾ ನಿಮ್ಮ ತಂದೆ? ಕೂಲಿಗಾ?” ಎಂದ. ನಿನ್ನ ಮುಖ ಬಾಡಿತು. ನಿಮ್ಮಪ್ಪ ನಿನ್ನನ್ನು ಗುರುತು ಹಿಡಿದು ಹಲ್ಲು ಬಿಟ್ಟು ನಗುತ್ತ ಚೊಂಬು ಮುಂದಕ್ಕೆ ಚಾಚಿದರು. ನೀನು ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, “ಕಟ್ಟೆ ಸೇರೋ ವಯಸ್ಸಲ್ಲಿ ಮುದುಕನ್ನ ಬಿಸಿಲಲ್ಲಿ ಸುಡ್ತೀಯಲ್ಲಮ್ಮ, ನಿನ್ನೆದೆ ಕಲ್ಲಾ?” ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಒದ್ದೆ ಕೈ ಹಿಡಿದು ನಿನ್ನ ತಲೆಯ ಮೇಲೆ ಇಟ್ಟುಕೊಂಡು, “ಇನ್ನು ಈ ಚೊಂಬು ಮುಟ್ಟಿದ್ರೆ ನನ್ನ ಮೇಲಾಣೆ ಅಪ್ಪಯ್ಯ, ನಾನು ಸತ್ತಂಗೆ” ಎಂದೆ. ಎಂದು ಅತ್ತೆ. ಅದೂ ಪ್ರೀತಿಯೇ. ನಿನ್ನ ಕೂದಲಿಂದ ನೀರು ಹಣೆಗೆ ಇಳಿಯುತ್ತಿತ್ತು, ಯಾವುದು ಚೊಂಬಿನ ನೀರು, ಯಾವುದು ಕಣ್ಣೀರು ಎಂದು ಗೊತ್ತಾಗುವ ಹಾಗಿರಲಿಲ್ಲ. ಅವರು ಚೊಂಬನ್ನು ಬೋರಲು ಹಾಕಿದರು.

ಆಮೇಲೆ ನಿನ್ನ ಮಾತು ನಡೆಯಿತೋ ನನ್ನ ಮಾತು ನಡೆಯಿತೋ, ಅದನ್ನು ಈಗ ಕೆದಕುವುದು ಬೇಡ. ನೀನು ಮಾರನೆಯ ದಿನ ಗಣಿಗೆ ಹೊರಟುಹೋದೆ. ವೈಶಾಖ ಕಳೆಯುವುದರೊಳಗೆ ನಿಮ್ಮಪ್ಪನ ಸುದ್ದಿ ನಿನಗೆ ಬಂತು. ಅರವಟಿಗೆಯಲ್ಲೇ ಹೋದರು ಎಂದರು. ನಿಜ, ಅಲ್ಲೇ ಹೋದರು. ಕೈಯಲ್ಲಿ ಚೊಂಬು ಹಾಗೇ ಇತ್ತು ಎಂದು ಊರು ಹೇಳಿತು. ನಾನು ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನೀನು ಬಂದವಳು ಹೆಣದ ಮುಂದೆ, ನೆರೆದವರೆಲ್ಲರ ಮುಂದೆ, “ನನ್ನ ಆಣೆ ಮುರಿಸಿ ದುಡಿಸಿದೆ, ನಮ್ಮಪ್ಪನ್ನ ನೀನೇ ತಿಂದ್ಕೊಂಡೆ” ಎಂದೆ. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ನನ್ನನ್ನು ಬಲ್ಲವರು ಆ ಹೊತ್ತು ಸಾವಿಗಿಂತ ಹೆಚ್ಚಾಗಿ ಅದಕ್ಕೇ ಬೆರಗಾದರು. ಪೆದ್ದಮ್ಮ ಏನೋ ಹೇಳಲು ಬಂದಳು, ಅವಳ ಕೈ ಅದುಮಿ ಸುಮ್ಮನಾಗಿಸಿದೆ. ತಿಥಿ ಮುಗಿಸಿ ನೀನು ಹೋದವಳು ಮತ್ತೆ ಬರಲಿಲ್ಲ. ಗೌರಿಹಬ್ಬದ ಬಾಗಿನ ಕಳಿಸಿದರೆ ನಿನ್ನ ಹೊಸಿಲು ಮುಟ್ಟಿ ತಿರುಗಿ ಬಂತು. ಆ ಸೀರೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಈಗ ನಿನ್ನ ಅತ್ತೆಯ ವಿಷಯಕ್ಕೆ ಬಾ. ಅಮ್ಮ ಅಪ್ಪನನ್ನು ದುಡಿಸಿ ಕೊಂದಳು, ನಾನು ಅತ್ತೆಗೆ ಹುಲ್ಲುಕಡ್ಡಿಯನ್ನೂ ಎತ್ತಲು ಬಿಡುವುದಿಲ್ಲ ಎಂದು ನೀನು ಹಟ ತೊಟ್ಟಿದ್ದೀಯ. ಇದು ಆಂಜನಪ್ಪ ಹೇಳಿದ್ದಲ್ಲ, ನಾನೇ ಊಹಿಸಿದ್ದು. ಸುಳ್ಳಾದರೆ ಬರೆದು ತಿಳಿಸು, ಒಪ್ಪಿಕೊಳ್ಳುತ್ತೇನೆ. ಆದರೆ ಸುಬ್ಬಲಕ್ಷ್ಮಮ್ಮ ಯಾರು ಎಂದು ಒಂದು ಸಲ ನೆನೆಸಿಕೋ. ಚಾಂಪಿಯನ್ ರೀಫ್ಸಿನ ಲೈನುಗಳಲ್ಲಿ ಬಾಗಿಲಿಂದ ಬಾಗಿಲಿಗೆ ಹಾಲು ಹಾಕಿ ನಿನ್ನ ಗಂಡನನ್ನು ಸಾಕಿದವಳು. ಒಂದು ಬಾಗಿಲಲ್ಲಿ ಕನ್ನಡ, ಮುಂದಿನದರಲ್ಲಿ ತೆಲುಗು, ಅದರ ಮುಂದಿನದರಲ್ಲಿ ತಮಿಳು, ಎಲ್ಲ ಬಾಗಿಲಲ್ಲೂ ಜಗಳ. ನಿನ್ನ ಮದುವೆಯಲ್ಲಿ ನಾನೂ ಅವಳೂ ಬೀಗರ ಊಟದ ಹೊತ್ತಿಗೆ ತುಪ್ಪದ ವಿಷಯಕ್ಕೆ ಕಚ್ಚಾಡಿ ಒಂದು ವರ್ಷ ಮಾತು ಬಿಟ್ಟಿದ್ದೆವು. ಅಂಥ ಹೆಂಗಸು ಬೆಳಗಿನ ಜಾವ ಕಣ್ಣು ಬಿಟ್ಟು ಎಮ್ಮೆ ಕರೆದಿರಾ ಎಂದರೆ ಅದು ಅರಳು ಮರಳಲ್ಲ ಕಣೇ. ನಾನು ಇನ್ನೂ ಯಾವ ಕೆಲಸಕ್ಕೆ ಬರುತ್ತೇನೆ ಎಂದು ಕೇಳುತ್ತಿದ್ದಾಳೆ. ಅದಕ್ಕೆ ನೀನು, ಯಾವುದಕ್ಕೂ ಇಲ್ಲ, ಮಲಕ್ಕೊಳ್ಳಿ ಎಂದು ಹೇಳುತ್ತಿದ್ದೀಯ. ನಿನ್ನ ಬಾಯಿಂದ ಆ ಮಾತು ಬಂದಿಲ್ಲ, ಆದರೆ ಆಕೆಯ ಕಿವಿಗೆ ಬಿದ್ದಿರುವುದು ಅದೇ.

ಹೊರೆ ಹೊರಿಸು ಎಂದು ನಾನು ಹೇಳುತ್ತಿಲ್ಲ. ಜಾರಿ ಬೀಳುವ ಕಡೆ ಕೈ ಹಿಡಿ, ಬೇಡ ಎನ್ನುವುದಿಲ್ಲ. ಮಂಚದಿಂದ ಬಾಗಿಲವರೆಗೆ, ಬಾಗಿಲಿಂದ ಬೀದಿಯವರೆಗೆ ನಡೆಸು. ಮೊರದಲ್ಲಿ ಒಂದು ಹಿಡಿ ರಾಗಿ ಹಾಕಿ ತೊಡೆಯ ಮೇಲಿಡು. ನಿನ್ನ ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳು. ಸರಿಯಿಲ್ಲ ಎಂದೇ ಹೇಳುತ್ತಾಳೆ. ಹೇಳಲಿ. ಆಕೆ ನಿನ್ನನ್ನು ಬೈದ ದಿನ ನನಗೆ ಒಂದು ಕಾರ್ಡು ಬರೆ, ನಾನು ಇಲ್ಲಿ ಆಂಜನೇಯನಿಗೆ ಕಾಯಿ ಒಡೆಸುತ್ತೇನೆ.

ಈ ಯುಗಾದಿಗೆ ಅರವಟಿಗೆಯನ್ನು ಮತ್ತೆ ಇಡುತ್ತಿದ್ದೇವೆ. ಹೋದ ವರ್ಷ ನಿಮ್ಮಪ್ಪ ಹೋದ ದಿನ ಮುಚ್ಚಿದ್ದು. ಆರುಮುಗಂ ಈ ಸಲ ಬಹಳ ಬಡವಾಗಿದ್ದಾನೆ, ಆದರೂ ಚಪ್ಪರದ ಗಳ ನೆಡುವ ದಿನ ಹೇಳಿ ಕಳಿಸಿ ಎಂದಿದ್ದಾನೆ. ಅವನು, ಪೆದ್ದಮ್ಮ ಅಲ್ಲದೆ ಈ ವರ್ಷ ಹೊಸದಾಗಿ ನಾಲ್ಕೈದು ಜನ ಬರುತ್ತೇವೆಂದಿದ್ದಾರೆ, ಪಟೇಲರ ತಾಯಿಯೂ ಅದರಲ್ಲಿ ಸೇರಿದ್ದಾಳೆ. ಪಟೇಲರ ಮುಖ ನೋಡಬೇಕಿತ್ತು. ನೀರಿಗೆ ಜನ ಇದ್ದಾರೆ, ಮಜ್ಜಿಗೆಗೆ ಇಲ್ಲ. ಪೆದ್ದಮ್ಮ ಕಡೆದರೆ ಬೆಣ್ಣೆ ಬಿಡುವುದಿಲ್ಲ, ಉಪ್ಪು ಹೆಚ್ಚು ಹಾಕುತ್ತಾಳೆ. ಮಜ್ಜಿಗೆ ಕಡೆಯುವ ಕೈ ಎಂದರೆ ನನ್ನ ಬೀಗಿತ್ತಿಯದು, ಇದನ್ನು ಆಕೆಯ ಮುಂದೆ ನಾನು ಸಾಯುವವರೆಗೂ ಹೇಳುವುದಿಲ್ಲ, ನೀನು ಬೇಕಾದರೆ ಹೇಳು. ಬೀಗರ ಮನೆಗೆ ಬಂದು ಕೂರುವುದು ಹೇಗೆ ಎಂದು ಆಕೆ ಸಂಕೋಚಪಟ್ಟರೆ, ಕೂರುವುದಕ್ಕೆ ಯಾರೂ ಕರೆದಿಲ್ಲ ಎಂದು ಹೇಳು. ಆಂಜನಪ್ಪನ ಎಮ್ಮೆ ಈದು ತಿಂಗಳಾಗಿದೆ. ಅದು ಅಶ್ವತ್ಥಮ್ಮನಿಗೆ ಒದೆಯುತ್ತದೆ. ಬೀಗಿತ್ತಿಗೆ ಒದೆಯುವ ಧೈರ್ಯ ಅದಕ್ಕೆ ಇದೆಯಾ, ನೋಡೋಣ.

ಅಳಿಯಂದಿರಿಗೆ ನನ್ನ ಆಶೀರ್ವಾದ. ಆದಿನಾರಾಯಣನಿಗೆ ಅಜ್ಜಿಯ ಮುತ್ತು. ಹುಣಸೆಹಣ್ಣಿನಲ್ಲಿ ಬೀಜ ಉಳಿದಿದ್ದರೆ ಅಶ್ವತ್ಥಮ್ಮ ಬಿಡಿಸಿದ್ದು, ನಾನಲ್ಲ.

ಇಂತು,
ನಿನ್ನ ಕೋಪಕ್ಕೂ ತಾಯಿಯೇ ಆದ,
ಅಕ್ಕಯ್ಯಮ್ಮ

ಮರೆತದ್ದು:

ಮರೆತಿರಲಿಲ್ಲ. ನಿನ್ನೆ ಇಷ್ಟನ್ನೇ ಬರೆದು ಮಡಿಸಿ ಗೋಂದು ಹಚ್ಚಿದ್ದೆ. ಆಂಜನಪ್ಪ ಪೇಟೆಗೆ ಹೊರಟು ಚಪ್ಪಲಿ ಮೆಟ್ಟಿದಾಗ ಕೈಯಿಂದ ಕಿತ್ತುಕೊಂಡು ಬಿಚ್ಚಿದೆ. ಲಕೋಟೆ ಹರಿದಿರುವುದು ಅದಕ್ಕೆ.

ನಿಮ್ಮಪ್ಪನ ಕೈಯಲ್ಲಿ ಚೊಂಬು ಇರಲಿಲ್ಲ.

ನೀನು ಆಣೆ ಹಾಕಿದ ಮೇಲೆ ಅವರು ಅದನ್ನು ಒಂದು ದಿನವೂ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ರುಮಾಲು ಕೊಡಲು ಹೋದರೆ ಗೋಡೆ ಕಡೆ ತಿರುಗಿಕೊಂಡರು. ಮತ್ತೆ ಅದೇ ಜಗಲಿ, ಅದೇ ಕಂಬಳಿ. ದಾರಿಯಿಂದ ಆರುಮುಗಂ ದನಿ ಕೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. “ಮಗೀಗೆ ಏನಾನ ಆದಾತು ಕಣೇ” ಎಂದು ಒಂದೇ ಸಲ ಹೇಳಿದರು. ಹೋಗಲಿ, ಮುಟ್ಟಿ ಎಂದು ನಾನೂ ಹೇಳಲಿಲ್ಲ. ಎಷ್ಟು ಬಾಯಿ ಇದ್ದರೇನು, ಆಣೆ ನಿನ್ನ ತಲೆಯ ಮೇಲಿತ್ತು. ಹತ್ತನೆಯ ದಿನವೋ ಏನೋ, ಬೆಳಕು ಹರಿಯುವ ಹೊತ್ತಿಗೆ ಎದ್ದು ನೋಡಿದರೆ ಜಗಲಿಯ ಮೇಲೆ ಇಲ್ಲ. ನಾನೂ ಪೆದ್ದಮ್ಮನೂ ಓಡಿದೆವು. ಅರವಟಿಗೆಯ ಮರಳಿನ ಮೇಲೆ, ಹೊಂಗೆ ಮರಕ್ಕೆ ಒರಗಿ, ದಾರಿ ಕಡೆ ಮುಖ ಮಾಡಿ ಕೂತಿದ್ದರು. ತಣ್ಣಗಾಗಿದ್ದರು. ಬಿಸಿಲು ಹುಟ್ಟಿರಲಿಲ್ಲ. ಗುಡಾಣ ಬೋರಲು ಇತ್ತು, ಅದರ ಮೇಲೆ ಚೊಂಬು ಬೋರಲು ಇತ್ತು. ಎರಡು ಕೈಯನ್ನೂ ಮಡಿಲಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದರು, ಚೊಂಬಿನ ಕಡೆಗೆ ತಾವಾಗಿ ಹೋಗಿಬಿಡುತ್ತವೆಯೋ ಎನ್ನುವ ಹಾಗೆ. ಆ ಬೆರಳುಗಳನ್ನು ಬಿಡಿಸಿದವಳು ನಾನು.

ದುಡಿದು ಸತ್ತರು ಎಂದು ನೀನು ನನ್ನನ್ನು ಬೈಯುತ್ತಿದ್ದರೆ ನಿನಗೆ ನಿದ್ದೆಯಾದರೂ ಬರುತ್ತದೆ ಎಂದುಕೊಂಡು ಆಂಜನಪ್ಪನ ಬಾಯಿ, ಪೆದ್ದಮ್ಮನ ಬಾಯಿ ಎರಡನ್ನೂ ಕಟ್ಟಿದೆ. ಸಾಯುವವರೆಗೂ ಕಟ್ಟಿಯೇ ಇರುತ್ತಿದ್ದೆ. ನಿನ್ನ ಅತ್ತೆಯಿಂದಾಗಿ ಬಿಚ್ಚಬೇಕಾಯಿತು. ನೀನು ಕೊಂದೆ ಎಂದು ಈಗಲೂ ನಾನು ಹೇಳುವುದಿಲ್ಲ. ಅವರಿಗೆ ಕಾಲ ಬಂದಿತ್ತು, ಬರದೆ ಇರುವುದಿಲ್ಲ. ಆದರೆ ಕೈ ಕಟ್ಟಿಕೊಂಡು ಕಾಯುವ ಹಾಗಾಯಿತು, ನನ್ನ ಸಂಕಟ ಅದೊಂದೇ.

ಆ ಚೊಂಬು ನಮ್ಮ ದೇವರ ಗೂಡಿನ ಪಕ್ಕದ ಗೂಡಿನಲ್ಲಿ ಬೋರಲಾಗಿಯೇ ಇದೆ. ಅಂದಿನಿಂದ ಯಾರೂ ನೀರಿಗೆ ಅದನ್ನು ಮುಟ್ಟಿಲ್ಲ. ಆಣೆ ಹಾಕಿದವರೇ ಬಿಡಿಸಬೇಕು, ನೀನೇ ಬಂದು ಎತ್ತಬೇಕು. ಅದಕ್ಕೆ ಯುಗಾದಿಯವರೆಗೆ ಸಮಯವಿದೆ.

ನಿನ್ನ ಅತ್ತೆಯ ಆಣೆಗೆ ಸಮಯವಿಲ್ಲ. ಈ ಕಾಗದ ಕೆಳಗಿಟ್ಟ ಕೂಡಲೇ ಮಂಚದ ಹತ್ತಿರ ಹೋಗಿ, ಬಿಟ್ಟೆ ಎಂದು ಹೇಳು, ಆದಿನಾರಾಯಣನನ್ನು ಮುಂದೆ ನಿಲ್ಲಿಸಿಕೊಂಡು ಹೇಳು. ಎರಡು ಸಲ ಹೇಳು, ಆಕೆಗೆ ಕಿವಿ ಸ್ವಲ್ಪ ಮಂದ. ನಿಮ್ಮಪ್ಪನ ಹಾಗೆ ಆಯಮ್ಮನೂ ಆಣೆ ಮುರಿಯುವ ಪೈಕಿಯಲ್ಲ.